ಬದಲಾದ ಬಸಪ್ಪನ ಮಾತು

ಪ್ರತಿ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಸಂವಹನ ವಿಭಾಗದ ವಿದ್ಯಾರ್ಥಿಗಳು ಪ್ರಾರ್ಥನಾ ಮಂದಿರದಲ್ಲಿ ಕೂತು ದೇವರನ್ನು ಅನುಭವಿಸಬೇಕಿತ್ತು. ಒಂಬತ್ತೂವರೆಗೆ ಆ ಅನುಭವವನ್ನು ಒಂದು ಪುಟದಲ್ಲಿ ಬರೆದು ಒಪ್ಪಿಸಬೇಕಿತ್ತು. ಪುಟಕ್ಕೆ ಹತ್ತು ಅಂಕ. ಬೆಂಗಳೂರಿನ ಆ ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿರಲಿಲ್ಲ. ಎಲ್ಲರೂ ಹಿಂದಿನ ವಾರದ ಪುಟವನ್ನೇ ಸ್ವಲ್ಪ ತಿದ್ದಿ ಬರೆಯುತ್ತಿದ್ದರು.

ಅನ್ನಪೂರ್ಣಳಿಗೆ ಮಾತ್ರ ಪ್ರತಿ ವಾರ ಒಂಬತ್ತು ಅಂಕ ಬರುತ್ತಿತ್ತು. ಎರಡನೇ ವರ್ಷದ ಎಂ.ಎ.ಗೆ ಬರುವಷ್ಟರಲ್ಲಿ ಆಕೆಗೆ ದೇವರ ವಿಷಯ ಕರಗತವಾಗಿತ್ತು. ಮೊದಲ ಪ್ಯಾರಾದಲ್ಲಿ ಮೌನ, ಎರಡನೆಯದರಲ್ಲಿ ಒಬ್ಬ ಬಡವ, ಕೊನೆಯಲ್ಲಿ ಕಿಟಕಿಯಿಂದ ಬೀಳುವ ಬಿಸಿಲು. ರೋಣದ ತೌಸೀಫ ಒಮ್ಮೆ ‘ಇವತ್ತು ಏನೂ ಅನ್ನಿಸಲಿಲ್ಲ, ಹಸಿವಾಗಿತ್ತು’ ಎಂದು ಬರೆದು ಎರಡು ಅಂಕ ತೆಗೆದುಕೊಂಡಿದ್ದ. ವಿಭಾಗದ ಮುಖ್ಯಸ್ಥರಾದ ವೃದ್ಧ ಪಾದ್ರಿ ಫಾದರ್ ಮ್ಯಾಕ್ಸಿಂ, ಅನ್ನಪೂರ್ಣಳ ಒಂಬತ್ತರ ಕೆಳಗೆ ಒಮ್ಮೆ ಪೆನ್ಸಿಲಿನಲ್ಲಿ ಬರೆದಿದ್ದರು: ‘ಮಗಳೇ, ಇದರಲ್ಲಿ ನೀನು ಎಲ್ಲಿದ್ದೀಯ?’ ಪಾಪ, ವಯಸ್ಸಾಯಿತು, ಅಕ್ಷರ ಕಾಣುತ್ತಿಲ್ಲ ಎಂದು ಅವಳು ಅಂದುಕೊಂಡಳು.

ಅವಳು ಗಜೇಂದ್ರಗಡದ ನೇಕಾರರ ಓಣಿಯವಳು. ಸೇರಿದ ಮೂರು ತಿಂಗಳಲ್ಲೇ ‘ಹ್ಯಾಂಗ’ ಹೋಗಿ ‘ಹೇಗೆ’ ಬಂದಿತ್ತು. ಊರಿಗೆ ಫೋನು ಮಾಡುವಾಗ ಮಾತ್ರ ಗ್ರಂಥಾಲಯದ ಹಿಂದಿನ ಬೂತಿಗೆ ಹೋಗುತ್ತಿದ್ದಳು. ಅಲ್ಲಿ ಆಡಿದ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಮಾತು ಬದಲಿಸುವ ಈ ವಿದ್ಯೆಯಲ್ಲಿ ಅವಳಿಗೆ ಗುರುವೆಂದರೆ ನಾಟಕ ಕಲಿಸುವ ಜಿ. ಸಿದ್ಧಾರ್ಥ. ಹುಟ್ಟಿದ ಊರು ನರಗುಂದ. ಅಲ್ಲಿನ ಶಾಲೆಯ ಹಾಜರಿಯಲ್ಲಿ ಹೆಸರು ಗವಿಸಿದ್ದಪ್ಪ. ಮೊದಲಕ್ಷರವನ್ನು ಇನಿಷಿಯಲ್ಲಿಗೆ ಅಟ್ಟಿ ಉಳಿದದ್ದಕ್ಕೆ ಮೆರುಗು ಕೊಟ್ಟುಕೊಂಡಿದ್ದರು. ಅವರ ಬಾಯಲ್ಲಿ ಕನ್ನಡ ಇಸ್ತ್ರಿ ಹಾಕಿಸಿಕೊಂಡು ಬರುತ್ತಿತ್ತು.

ಎರಡು ಸಾವಿರದ ಏಳರ ಜನವರಿಯಲ್ಲಿ ವಿಭಾಗ ಗ್ರಾಮ ಶಿಬಿರಕ್ಕೆ ಗಜೇಂದ್ರಗಡದ ಸೀಮೆಯನ್ನು ಆರಿಸಿತು. ಮದ್ಯಪಾನದ ವಿರುದ್ಧ ಒಂದು ಬೀದಿನಾಟಕ, ಎರಡು ಪ್ರದರ್ಶನ; ನೂರು ಅಂಕ, ಗೆದ್ದರೆ ಅಂತರ ಕಾಲೇಜು ಬಹುಮಾನ. ‘ಬದಲಾದ ಬಸಪ್ಪ’ವನ್ನು ಬರೆದವಳು ಅನ್ನಪೂರ್ಣ. ಕುಡುಕ ನೇಕಾರ ಬಸಪ್ಪ ತೌಸೀಫ. ಕೊನೆಗೆ ಬಂದು ಭಾಷಣ ಮಾಡಿ ಅವನನ್ನು ತಿದ್ದುವ ಸಮಾಜಸೇವಕಿಯೂ ಅವಳೇ. ಕಥೆ ಎಲ್ಲಿಂದ ಬಂತೆಂದು ಸಿದ್ಧಾರ್ಥ ಕೇಳಿದಾಗ ‘ಕ್ಷೇತ್ರಕಾರ್ಯ ಸರ್’ ಅಂದಿದ್ದಳು. ಆ ಕ್ಷೇತ್ರ ಅವಳ ಅಪ್ಪ ಕಳಕಪ್ಪ. ಅವನು ಕುಡಿತ ಬಿಟ್ಟು ಎಂಟು ವರ್ಷವಾಗಿತ್ತು.

ತಾಲೀಮಿನಲ್ಲಿ ಸಿದ್ಧಾರ್ಥ ಒಂದು ಹೊಸ ಸಿದ್ಧಾಂತ ಮಂಡಿಸಿದರು. “ಕುಡಿಯುವಾಗ ಬಸಪ್ಪ ಆ ಕಡೆಯ ಒರಟು ಮಾತು ಆಡಲಿ. ತಿದ್ದಿಕೊಂಡ ಮೇಲೆ ಶುದ್ಧ ಕನ್ನಡ. ಪರಿವರ್ತನೆ ಪ್ರೇಕ್ಷಕನ ಕಿವಿಗೇ ತಿಳಿಯಬೇಕು.”

ತೌಸೀಫ ಕೈ ಎತ್ತಿದ. “ಸರ್, ಕುಡಿಯೂದ ಬಿಟ್ರ ಊರೂ ಬಿಡಬೇಕೇನ್ರಿ?”

ಯಾರೋ ಕಿಸಕ್ಕೆಂದರು. ಅನ್ನಪೂರ್ಣ ನಗಲಿಲ್ಲ, ‘ಎಷ್ಟು ಸೂಕ್ಷ್ಮ ಯೋಚನೆ ಸರ್!’ ಎಂದು ಬರೆದುಕೊಂಡಳು.

ಗಜೇಂದ್ರಗಡದ ಪ್ರದರ್ಶನ ಒಂದು ಶಾಲೆಯ ಮೈದಾನದಲ್ಲಿ, ಇಳಿಹೊತ್ತಿಗೆ. ಸಹಪಾಠಿಗಳು ‘ನಿಮ್ಮ ಮನೆ ತೋರಿಸು’ ಅಂದಾಗ ಅವಳು ‘ತುಂಬ ದೂರ’ ಅಂದಿದ್ದಳು. ಮನೆ ಎರಡು ಓಣಿ ಆಚೆ ಇತ್ತು. ತೌಸೀಫ ತೂರಾಡಿ, ಮಗ್ಗಕ್ಕೆ ಒದ್ದು, ಹೆಂಡತಿಯನ್ನು ಬೈದು, ಜನರನ್ನು ಬೇಕಾದಷ್ಟು ನಗಿಸಿದ. ನಂತರ ಅನ್ನಪೂರ್ಣ ಗರಿಮುರಿ ಸೀರೆಯಲ್ಲಿ ಬಂದು ಏಳು ನಿಮಿಷ ಮಾತಾಡಿದಳು. ಬಸಪ್ಪ ಮಂಡಿಯೂರಿದ. “ನಾನೆಂಥ ಅಜ್ಞಾನದಲ್ಲಿ ಮುಳುಗಿದ್ದೆ, ತಾಯಿ! ಇಂದಿನಿಂದ ನಾನು ಹೊಸ ಮನುಷ್ಯ!” ಎಂದ.

ಆಗ ಅವಳಿಗೆ ಕಾಣಿಸಿತು: ಗೋಡೆಗೆ ಒರಗಿ ನಿಂತಿದ್ದ ಅಪ್ಪ, ಅಕ್ಕಪಕ್ಕದ ನೇಕಾರರು ತನ್ನತ್ತ ನೋಡಿ ಮುಸಿಮುಸಿ ನಗುತ್ತಿದ್ದಂತೆ, ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಮರುದಿನ ಬೆಳಿಗ್ಗೆ ಅವಳು ಒಬ್ಬಳೇ ಮನೆಗೆ ಹೋದಳು. ಕಳಕಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ತಾಯಿ ಕಳಕವ್ವ ಬಾಗಿಲ ಬಳಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

“ಅಪ್ಪಾ, ನಾಟಕ ಹ್ಯಾಂಗಿತ್ತು?”

“ಆ ಹುಡುಗ ಚಲೋ ಮಾಡಿದ. ನನಗಿಂತ ಚಂದ ತೂರಾಡಿದ.” ಲಾಳಿ ಆ ಕಡೆಯಿಂದ ಈ ಕಡೆಗೆ ಓಡಿತು. “ಒಂದು ಮಾತು ಕೇಳ್ಲೇನವಾ?”

“ಕೇಳಪಾ.”

“ಕುಡದಾಗ ಬಸಪ್ಪ ನಮ್ಮಂಗ ಮಾತಾಡ್ತಾನ. ಬಿಟ್ಟ ಕೂಡ್ಲೆ ನಿಮ್ಮ ಮಾಸ್ತರನಂಗ ಮಾತಾಡ್ತಾನ. ನಾ ಬಿಟ್ಟು ಎಂಟು ವರ್ಷಾತು, ಇನ್ನೂ ಹಿಂಗ ಮಾತಾಡ್ತೀನಿ. ನಂದು ಇನ್ನೂ ಬಿಟ್ಟಿಲ್ಲೇನು?”

ಎರಡು ವರ್ಷ ಸಂವಹನ ಓದಿದವಳು ತೊದಲಿದಳು.

“ಹಂಗಲ್ಲಪಾ… ಜನಕ್ಕ ತಿಳೀಲಿ ಅಂತ…”

“ಜನಕ್ಕ ತಿಳೀತು. ಇವತ್ತು ಚಾದ ಅಂಗಡ್ಯಾಗ ಒಬ್ಬಾವ ‘ಏನಪಾ ಹೊಸ ಮನುಷ್ಯಾ’ ಅಂತ ಕರದ.”

ಕಳಕವ್ವ ತಲೆ ಎತ್ತಲಿಲ್ಲ. “ನಿಮ್ಮಪ್ಪಗ ಬುದ್ಧಿ ಹೇಳಾಕ ಇಸ್ತ್ರಿ ಸೀರಿ ಉಟ್ಟಾಕಿ ಯಾವಾಗ ಬಂದಿದ್ಲು? ನಂಗ ನೆನಪಿಲ್ಲ.”

“ಬುದ್ಧಿ ಹೇಳಾವ್ರು ಬಂದಿದ್ರು ಬಿಡು, ಮಸ್ತ್ ಮಂದಿ,” ಅಂದ ಕಳಕಪ್ಪ. “ಅವರು ಹೇಳಿದ್ದು ಮರೀಲಿ ಅಂತ ಮತ್ತೊಂದು ಗ್ಲಾಸ್ ಕುಡೀತಿದ್ದೆ.”

“ಮತ್ತ ಹ್ಯಾಂಗ ಬಿಟ್ಟಿ?”

ಅವಳು ನಾಟಕ ಬರೆಯುವ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಅದು. ಅಪ್ಪ ಮಗ್ಗ ನಿಲ್ಲಿಸಿದ.

“ಒಂದಿನ ಮಗ್ಗದಾಗ ಹಾಸಿನ ಉದ್ದನ ಎಳಿ ಹರದ್ವು. ಇಪ್ಪತ್ತೋ ಮೂವತ್ತೋ. ಕಟ್ಟಬೇಕಂದ್ರ ಕೈ ಗಡಗಡ ನಡಗಾಕ ಹತ್ತಿದ್ವು. ಒಂದು ಕಟ್ಟಿದ್ರ ಎರಡು ಹರೀತಿದ್ವು. ಇಕಿ, ನಿಮ್ಮವ್ವ, ಬಂದ್ಲು, ಎದುರಿಗೆ ಕುಂತ್ಲು, ಕಟ್ಟಾಕ ಹತ್ತಿದ್ಲು. ಬೈತಾಳೇನೋ ಅಂತ ದಾರಿ ಕಾದೆ. ಮಧ್ಯಾಹ್ನತನಕ ಒಂದ ಮಾತು ಆಡ್ಲಿಲ್ಲ. ಆಗ ಅಂದೆ ನೋಡು: ಯಪ್ಪಾ ದೇವರ, ಏನೂ ಕೊಡಬ್ಯಾಡ, ಈ ಕೈ ಒಂದು ನಿಂದರಸು.”

“ನಿಂತ್ವು?”

“ಅವತ್ತ ನಿಲ್ಲಲಿಲ್ಲ. ತಿಂಗಳು ಹಿಡೀತು. ದಿನಾ ಅದನ್ನ ಅಂದೆ.”

ಅರವತ್ತು ಪುಟ ದೇವರನ್ನು ಬರೆದವಳು ಇಷ್ಟು ಚಿಕ್ಕ ಪ್ರಾರ್ಥನೆಯನ್ನು ಕೇಳಿರಲಿಲ್ಲ. ಇದಕ್ಕೆ ಹತ್ತರಲ್ಲಿ ಎಷ್ಟು ಅಂಕ ಬರುತ್ತಿತ್ತು ಎಂದು ಒಂದು ಕ್ಷಣ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಅಂದು ಮಧ್ಯಾಹ್ನದ ಪ್ರದರ್ಶನ ಸೂಡಿಯಲ್ಲಿ. ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಅಪ್ಪನ ಮಗ್ಗದಿಂದ ತಂದ, ಎಳೆ ಹರಿದ ಹಾಸಿನ ಒಂದು ತುಂಡು ಇತ್ತು. “ತೌಸೀಫ, ಇವತ್ತು ನಾ ಭಾಷಣ ಮಾಡಂಗಿಲ್ಲ,” ಅಂದಳು.

ತೌಸೀಫ ಅವಳ ಬಾಯನ್ನೇ ನೋಡಿದ. ಎರಡು ವರ್ಷದಲ್ಲಿ ಆ ಬಾಯಿಂದ ಈ ಮಾತು ಕೇಳಿದ್ದು ಇದೇ ಮೊದಲು. “ಮತ್ತ ನಾ ಹ್ಯಾಂಗ ಸುಧಾರಸ್ಲಿ?”

ಅವಳು ಹೇಳಿದಳು. ಅವನು ಪೂರ್ತಿ ಕೇಳಿ, “ಕೈ ನಡಗಸೂದ ನನಗ ಬಿಡು,” ಅಂದ.

ಸೂಡಿಯಲ್ಲಿ ಇಳಿದ ಮೇಲೆ ಸಿದ್ಧಾರ್ಥರಿಗೂ ಹೇಳಿದಳು. ಅವರ ಮುಖ ಕೆಂಪಾಯಿತು. “ಸಂದೇಶವಿಲ್ಲದ ನಾಟಕವೆ? ಅದೂ ಕೊನೆಯವರೆಗೆ ಆ ಭಾಷೆಯಲ್ಲಿ?”

“ಅದು ನಮ್ಮಪ್ಪನ ಮಾತು, ಸರ್. ಬಸಪ್ಪ ನಮ್ಮಪ್ಪ. ಅವನ್ನ ಕೇಳದೆ ಬರೆದೆ.”

 ಸಿದ್ಧಾರ್ಥ ದನಿ ತಗ್ಗಿಸಿದರು. “ಕೇಳು. ಬೆಂಗಳೂರಿನಲ್ಲಿ ನನ್ನ ಮೊದಲ ಪಾಠದ ದಿನ ನಾನು ‘ಐತ್ರಿ’ ಅಂದೆ. ಇಡೀ ತರಗತಿ ನಕ್ಕಿತು. ವರ್ಷಪೂರ್ತಿ ನನ್ನ ಬೆನ್ನ ಹಿಂದೆ ‘ಐತ್ರಿ ಸರ್’ ಅಂತಿದ್ದರು. ನಿನಗೆ ಆ ಗತಿ ಬರಬಾರದೆಂದು ತಿದ್ದಿದೆ. ಅದು ತಪ್ಪೆ?”

“ನಮ್ಮನ್ನ ನೋಡಿ ನಕ್ಕಿದ್ದು ಅವರ ತಪ್ಪಲ್ಲೇನ್ರಿ, ಸರ್? ಈಗ ನಾವಽ ನಮ್ಮನ್ನ ನೋಡಿ ನಗಾಕ ಹತ್ತೀವಿ.”

“ಮಾರ್ಕ್ಸ್ ಹೋಗ್ತಾವ, ಹುಚ್ಚಿ! ಬಹುಮಾನ ಹೋಗ್ತೈತಿ! ತಿಳೀತೈತಿಲ್ಲ ನಿಂಗ?”

ನರಗುಂದದ ಗವಿಸಿದ್ದಪ್ಪ ಹದಿನೈದು ವರ್ಷದ ಮೇಲೆ ಹೊರಬಂದಿದ್ದ. ಸಿದ್ಧಾರ್ಥ ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು, ಅಲ್ಲೇನೋ ಅಂಟಿದೆಯೆಂಬಂತೆ. ಶಿಬಿರಕ್ಕೆ ಜೊತೆಗೆ ಬಂದು ಬೇವಿನ ಕಟ್ಟೆಯ ಮೇಲೆ ಕೂತಿದ್ದ ಫಾದರ್ ಮ್ಯಾಕ್ಸಿಂ ಕಡೆ ತಿರುಗಿ, “ಫಾದರ್, ನೀವಾದರೂ ಹೇಳಿ,” ಅಂದರು.

“ಅಂಕ ನಿಮ್ಮ ಕೈಯಲ್ಲಿದೆ ಸರ್,” ಅಂದರು ಫಾದರ್. “ನಾಟಕ ಅವಳ ಕೈಯಲ್ಲಿರಲಿ.”

ಜನ ಸೇರಿದ್ದರು. ತೌಸೀಫ ತೂರಾಡಿದ, ನಗಿಸಿದ. ಅನ್ನಪೂರ್ಣ ಒಳಗೆ ಬಂದಾಗ ಮುಂದೆ ಕೂತಿದ್ದ ಹೆಂಗಸರು ಸೆರಗು ಕೊಡವಿ ಏಳತೊಡಗಿದರು. ಜಾಗೃತಿ ಕಾರ್ಯಕ್ರಮಗಳನ್ನು ಅವರು ಬಹಳ ಕಂಡಿದ್ದರು; ಓದಿದವರು ಬಂದು ನಿಂತರೆ ನಗುವ ಭಾಗ ಮುಗಿಯಿತೆಂದು ಅವರಿಗೆ ಗೊತ್ತಿತ್ತು.

ಅವಳು ನಿಲ್ಲಲಿಲ್ಲ. ನೆಲದ ಮೇಲೆ ಕೂತು ಹಾಸು ಹರಡಿದಳು. ಎದುರಿಗೆ ತೌಸೀಫ ಕೂತು ಒಂದು ಎಳೆ ಹಿಡಿದ. ಕೈ ನಡುಗಿತು, ಎಳೆ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಅವಳು ಬೆರಳನ್ನು ನಾಲಿಗೆಗೆ ತಾಗಿಸಿ ಒಂದು ಗಂಟು ಹಾಕಿದಳು, ಇನ್ನೊಂದು ಹಾಕಿದಳು. ಅವನತ್ತ ನೋಡಲೂ ಇಲ್ಲ.

ಎದ್ದು ನಿಂತಿದ್ದ ಮುದುಕಿಯೊಬ್ಬಳು ಸ್ವಲ್ಪ ಹೊತ್ತು ಕಾದಳು. ಕೊನೆಗೆ ತಾಳಲಾರದೆ ಕೇಳಿದಳು: “ಏ ತಂಗಿ, ಹೇಳೂದೇನೂ ಇಲ್ಲೇನು ನಿಂದು?”

“ಏನೂ ಇಲ್ಲಬೇ,” ಅಂದಳು ಅನ್ನಪೂರ್ಣ.

ಮುದುಕಿ ಹಿಂದಿನವರ ಕಡೆ ತಿರುಗಿ ಕೈಸನ್ನೆ ಮಾಡಿದಳು. “ಕುಂದರ್ರೆವಾ, ಕುಂದರ್ರಿ. ಇಕಿ ನಮ್ಮಾಕಿನ ಅದಾಳ.”