ಗುರುಪುತ್ರಪ್ಪ ಮಾಸ್ತರರ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಬಂದರೆ ಗುರುಪುತ್ರಪ್ಪ ಮಾಸ್ತರರ ಎಡಗಿವಿ ಕೆಂಪಾಗುತ್ತಿತ್ತು. ಬಲಗಿವಿ ಮಾತ್ರ ಯಾವ ವಿಕಾರವೂ ಇಲ್ಲದೆ ಸ್ಥಿತಪ್ರಜ್ಞನಂತೆ ಇರುತ್ತಿತ್ತು. ಖಾನಾಪುರದ ಹೈಸ್ಕೂಲಿನಲ್ಲಿ ಅವರು ಕ್ರಾಫ್ಟ್ ಮಾಸ್ತರರು, ನಾನು ಕನ್ನಡ ಕಲಿಸುವವಳು. ಸ್ಟಾಫ್ ರೂಮಿನಲ್ಲಿ ಅವರ ಎಡಬದಿಯ ಕುರ್ಚಿ ನನ್ನದಾಗಿದ್ದರಿಂದ ಆ ಕೆಂಪಿನ ಏರಿಳಿತಗಳಿಗೆಲ್ಲ ನಾನೇ ಸಾಕ್ಷಿ. ಡ್ರಾಯಿಂಗ್ ಮಾಸ್ತರರ ಗುಲಾಬಿ ಗಿಡವನ್ನು ಯಾರಾದರೂ ಹೊಗಳಿದರೆ ಕೆಂಪು. ತಾವು ತಂದ ಕುಂದಾದ ಡಬ್ಬಿ ತೆರೆಯುವ ಮೊದಲೇ ಇನ್ನೊಬ್ಬರ ಚಕ್ಕುಲಿ ಖಾಲಿಯಾದರೆ ಕೆಂಪು. ಮದುವೆಯಾಗದ, ಬೇಸಿಗೆಯಲ್ಲೂ ಕಂದು ಕೋಟು ಬಿಚ್ಚದ, ಜಾತ್ರೆಯ ಗದ್ದಲವನ್ನು ಸೀಳುವವರಂತೆ ಭುಜ ಮುಂದೆ ಮಾಡಿ ನಡೆಯುವ ಈ ಮನುಷ್ಯ ಪರರ ಸಂಪತ್ತಿಗೆ ಎಂದೂ ಕರುಬಿದವರಲ್ಲ. ಪ್ರೀತಿ ತಮ್ಮನ್ನು ದಾಟಿಕೊಂಡು ಇನ್ನೊಬ್ಬರ ಕಡೆ ಹೋಗುವುದನ್ನು ಮಾತ್ರ ಅವರಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ.

ಅವರ ಅಕ್ಕನ ಮಗಳು ಮೇಘಾ ನೆಹರು ನಗರದ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರಿಕೆ ಓದಿ, ಆಫ್ರಿಕಾದ ಟಾಂಜಾನಿಯಾದಲ್ಲಿ ಮೋಶಿ ಎಂಬ ಊರಿನ ಆಸ್ಪತ್ರೆ ಸೇರಿದ್ದಳು. ನಿವೃತ್ತನಾದ ಸೋದರಮಾವ ಒಬ್ಬನೇ ಇರುವುದು ಕಂಡು ಕೆಲವು ತಿಂಗಳಿಗೆಂದು ಕರೆಸಿಕೊಂಡಳು. ಆಸ್ಪತ್ರೆಯ ಬಾಜುವಿನಲ್ಲೇ ಒಂದು ಅನಾಥಾಶ್ರಮ. "ಮುರಿದ ಮಂಚ ನೋಡಿಕೋತ ಸುಮ್ನ ಹ್ಯಾಂಗ ಕುಂದರೂದು?" ಎಂದು ಉಳಿ, ಸುತ್ತಿಗೆ ಹಿಡಿದು ಒಳಹೊಕ್ಕ ಮಾಸ್ತರರು ಅಲ್ಲಿಯೇ ನಿಂತುಬಿಟ್ಟರು.

ಮುಂದಿನದನ್ನು ಅವರೇ ಹೇಳಿದರು, ಮರಳಿ ಬಂದ ಮೇಲೆ, ಖಾನಾಪುರದ ತಮ್ಮ ಪಡಸಾಲೆಯಲ್ಲಿ ಕೂತು. ಆ ಊರಿನ ಮೆಕ್ಕೆಜೋಳದ ಮುದ್ದೆ ಮೊದಲು ಗಂಟಲಿಳಿಯಲಿಲ್ಲ. ಅದೇ ಹಿಟ್ಟನ್ನು ಬಡಿದು ರೊಟ್ಟಿ ಮಾಡಲು ಹೋದರೆ ಹರಿದು ಹರಿದು ಬಂತು. ಕೊನೆಗೆ ಮುದ್ದೆಗೇ ಶೇಂಗಾ ಚಟ್ನಿ ಕಲಸಿ ರಾಜಿಯಾದರು. ಮುಂಜಾನೆ ಅವರು ವಿಭೂತಿ ಹಚ್ಚಿಕೊಳ್ಳುವಾಗ ಮಕ್ಕಳೂ ಹಣೆ ಒಡ್ಡಿ ಸಾಲುಗಟ್ಟಿದರು. ಅವರ ಭಾಷೆಯಲ್ಲಿ ಅಜ್ಜನಿಗೆ ಬಾಬು ಎನ್ನುತ್ತಾರಂತೆ. "ನಮ್ಮಲ್ಲಿ ಸಣ್ಣ ಹುಡುಗರಿಗೆ ಬಾಬು ಅಂತೀವಿ, ಅಲ್ಲಿ ನಾ ಮುದುಕ ಆದಮ್ಯಾಲ ಬಾಬು ಆದೆ ನೋಡ್ರಿ ಅಕ್ಕೋರ," ಎಂದು ನಕ್ಕರು. ಸ್ವಾಹಿಲಿ ಅವರಿಗೆ ಹತ್ತಲಿಲ್ಲ. ತಮ್ಮ ಹುಟ್ಟೂರು ಪಾರಿಶ್ವಾಡದ ಅಚ್ಚ ಕನ್ನಡದಲ್ಲೇ ಗದರಿದರು, ಮುದ್ದು ಮಾಡಿದರು. ಮಕ್ಕಳಿಗೆ ಎರಡೂ ತಿಳಿದವು.

ಆ ಮಕ್ಕಳಲ್ಲಿ ನೀಮಾ ಎಂಬವಳು ಇನ್ನೂ ಶಾಲೆಗೆ ಹೋಗದ ಹುಡುಗಿ. ತೊಟ್ಟಿಲ ಕೂಸಿನಂತೆ ಅವರ ಕೋಟಿನೊಳಗೆ ತೂರಿ ಮಲಗುವವಳು. ಅಷ್ಟರಲ್ಲಿ ನೈರೋಬಿಯಿಂದ ವಂಜಿರು ಎಂಬ ಕಾಲೇಜು ಹುಡುಗಿ ಸೇವೆಗೆಂದು ಬಂದಳು. ಅಲ್ಲಿನ ಶಾಲೆಗಳ ನಿಯಮದಂತೆ ದೊಡ್ಡ ಹುಡುಗಿಯರ ತಲೆ ಬೋಳಿಸಿರುತ್ತಿದ್ದರು, ಕೂದಲಿದ್ದದ್ದು ಚಿಕ್ಕವರಿಗೇ. ನೆತ್ತಿಗಂಟಿದಂತೆ, ಬಿತ್ತನೆಗೆ ಸಜ್ಜಾದ ಹೊಲದ ಸಾಲಿನ ಹಾಗೆ, ವಂಜಿರು ಆ ಚಿಕ್ಕವರಿಗೆ ಜಡೆ ಹೆಣೆಯತೊಡಗಿದಳು. ನೀಮಾ ಕೋಟು ಬಿಟ್ಟು ಅವಳ ಮಡಿಲು ಹಿಡಿದಳು. ಮಾಸ್ತರರ ಕಿವಿ ಕಿಲಿಮಂಜಾರೋದ ತಪ್ಪಲಿನಲ್ಲೂ ತನ್ನ ಧರ್ಮ ಬಿಡಲಿಲ್ಲ. ವಂಜಿರುವಿನೊಡನೆ ಮಾತು ನಿಲ್ಲಿಸಿದರು. ಆದರೆ ಅವಳ ಬೆರಳುಗಳನ್ನು ಕದ್ದು ನೋಡಿದರು. ಮಂಚದ ಕಾಲಿಗೆ ಹಗ್ಗದ ಎಳೆಗಳನ್ನು ಕಟ್ಟಿ, ಕೋಣೆಯ ಬಾಗಿಲು ಹಾಕಿಕೊಂಡು ಹೆಣೆದರು, ಬಿಚ್ಚಿದರು, ಮತ್ತೆ ಹೆಣೆದರು. ಉಳಿ ಹಿಡಿದು ಜಡ್ಡುಗಟ್ಟಿದ ಆ ಬೆರಳುಗಳಿಗೆ ಕೊನೆಗೂ ವಿದ್ಯೆ ಒಲಿಯಿತು; ನೀಮಾ ಜಡೆ ಹಾಕಿಸಿಕೊಳ್ಳಲು ಅವರ ಬಳಿಗೇ ಮರಳಿ ಬಂದಳು.

ಆದರೆ ಒಂದು ದಿನ ನೀಮಾಳ ಚಿಕ್ಕಮ್ಮ ದೂರದ ಸಮುದ್ರತೀರದ ಊರಿನಿಂದ ಅವಳನ್ನು ಕರೆದೊಯ್ಯಲು ಬಂದಳು. ಆಶ್ರಮದವರು ಆ ಊರಿಗೇ ಹೋಗಿ ವಿಚಾರಿಸಿ ಒಪ್ಪಿದ್ದರು. ಮಾಸ್ತರರಿಗೆ ಆ ಚಿಕ್ಕಮ್ಮನಲ್ಲಿ ಕಂಡದ್ದೆಲ್ಲ ದೋಷವೇ.

"ಇಷ್ಟು ದಿನ ಎಲ್ಲಿ ಹೋಗಿದ್ಲು ಈಕಿ? ಖಾಲಿ ಕೈಲೇ ಬಂದಾಳ ನೋಡು," ಎಂದರು ಮೇಘಾಳಿಗೆ.

"ಮಾಮಾ, ಹುಡುಗರು ಇಲ್ಲಿಂದ ತಮ್ಮ ಮನಿಗೆ ಹೋಗೂದ ಛಲೋ ಸುದ್ದಿ. ನೀ ಖುಷಿ ಪಡಬೇಕು."

"ಪಡತೀನಿ. ಆದರ ಒಮ್ಮೆಲೇ ಆಗಂಗಿಲ್ಲ."

ಹೊರಡುವ ಮುಂಜಾನೆ ಅವರು ಕೋಣೆಯಿಂದ ಹೊರಬೀಳಲಿಲ್ಲ. ನೀಮಾಳೇ ಬಂದು ಬಾಗಿಲು ಬಡಿದು, ಬಾಚಣಿಗೆ ಚಾಚಿ, ಬೆನ್ನು ತಿರುಗಿಸಿ ಕೂತಳು. ಚಿಕ್ಕಮ್ಮ ಅಂಗಳದಲ್ಲಿ ಕಾಯುತ್ತಿರುವಂತೆಯೇ ಮಾಸ್ತರರು ತಮ್ಮ ಜೀವಮಾನದ ಅತ್ಯುತ್ತಮ ಜಡೆ ಹೆಣೆದು, ಬಸ್ ನಿಲ್ದಾಣದವರೆಗೂ ಹಿಂದಿನಿಂದ ನಡೆದರು. ಅಲ್ಲಿ ಬೆಂಚಿನ ಮೇಲೆ ಕೂತ ಚಿಕ್ಕಮ್ಮ ಹುಡುಗಿಯನ್ನು ತೊಡೆಯ ನಡುವೆ ನಿಲ್ಲಿಸಿಕೊಂಡು, ಅವರ ಎದುರಿಗೇ ಆ ಜಡೆಯನ್ನು ಒಂದೊಂದೆಳೆಯಾಗಿ ಬಿಚ್ಚಿ, ತನ್ನ ರೀತಿಯಲ್ಲಿ ಹೆಣೆದಳು. ಹೆಣೆಯುತ್ತ ಒಮ್ಮೆ ಕಣ್ಣೆತ್ತಿ ಅವರನ್ನು ದುರುಗುಟ್ಟಿ ನೋಡಿದಳು.

"ಸಿಟ್ಟು ಬರಲಿಲ್ಲೇನ್ರಿ?" ಎಂದೆ.

"ಬಂತು. ಆಮ್ಯಾಲ ಆ ಕಣ್ಣಿನ ಗುರುತು ಹತ್ತಿತು, ಅಕ್ಕೋರ. ಆಕಿಗೂ ನನ್ನಂಗ ಹೊಟ್ಟಿಕಿಚ್ಚು ಐತಿ. ಅವಾಗ ನನಗ ಧೈರ್ಯ ಬಂತು. ಈಕಿ ಈ ಹುಡುಗೀನ್ನ ಯಾರಿಗೂ ಬಿಟ್ಟುಕೊಡಂಗಿಲ್ಲ."

ಇಷ್ಟು ಹೇಳಿ ಅವರು ಚಹಾ ತರಲು ಒಳಗೆ ಹೋದರು. ಹಿಂಡಲಗಾದ ನನ್ನ ಮನೆಗೆ ಮರಳುವ ಬಸ್ಸಿನಲ್ಲಿ ನನಗೆ ಅವರ ಮೇಲೆಯೇ ಅಸೂಯೆಯಾಗುತ್ತಿತ್ತು. ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ, ಹರಸಿ ಕಳಿಸಿದ್ದೇನೆ. ಒಂದು ಮಗು ಹೋಯಿತೆಂದು ಬಾಗಿಲು ಹಾಕಿಕೊಂಡು ಕೂರುವಷ್ಟು ಯಾರನ್ನೂ ನನ್ನವರೆಂದುಕೊಳ್ಳಲಿಲ್ಲ. ನಿರಪೇಕ್ಷೆಯಿಂದ ಪ್ರೀತಿಸುವವರನ್ನು ಲೋಕ ಸಂತರೆಂದು ಕರೆದು ಕೈ ಮುಗಿಯುತ್ತದೆ. ಗುರುಪುತ್ರಪ್ಪನವರಂಥವರು ಆ ಪಂಕ್ತಿಯಲ್ಲಿ ಕೂರುವವರಲ್ಲ. ಅವರ ಮಮತೆಗೆ ಹಟವಿದೆ, ಮುನಿಸಿದೆ, ಸಣ್ಣತನವೂ ಇದೆ. ಆದರೆ ಹೆತ್ತವರಿಲ್ಲದ ಕೂಸಿಗೆ ಮರುಗುವವರು ಊರಿಗೆ ನೂರು ಜನ ಸಿಕ್ಕಾರು. ಅದು ನನ್ನದು ಎಂದು ಇನ್ನೊಬ್ಬರೊಡನೆ ಜಗಳಕ್ಕೆ ನಿಲ್ಲುವವರು ಸಿಗುವುದು ಅಪರೂಪ.