ಸೊಪ್ಪಿನ ವೇಷ

"ಸೊಪ್ಪ್ ಕಟ್ಕಂಬುಕೆ ನಿಂಗೆ ಎಂತ ನಾಚ್ಕಿ, ದರಿದ್ರದ್ದೇ? ನಿಮ್ಮ ಸಂಸ್ಕೃತಿಯೇ ಅಲ್ದಾ?"

ಪ್ರಭಾವತಿ ಟೀಚರ್ ಮಾವಿನ ಸೊಪ್ಪಿನ ಸರವನ್ನು ವಿನಯಾಳ ಯೂನಿಫಾರ್ಮಿನ ಮೇಲೆ ಸೊಂಟಕ್ಕೆ ಬಿಗಿದು ಕಟ್ಟಿದರು. ವಂಡ್ಸೆ ಕಡೆಯ ಆ ಶಾಲೆಯಲ್ಲಿ ಅಂದು 'ನಮ್ಮ ಸಂಸ್ಕೃತಿ, ನಮ್ಮ ಹೆಮ್ಮೆ' ಕಾರ್ಯಕ್ರಮ. ಮಕ್ಕಳು ತಂತಮ್ಮ ಜಾತಿಯ ಉಡುಗೆ ತೊಟ್ಟು ವೇದಿಕೆ ಹತ್ತಬೇಕು. ಮೊಗವೀರರ ಪ್ರವೀಣ್ ಬಲೆ ಹೊತ್ತಿದ್ದ. ಟೀಚರ ಮಗಳು ಸುಪ್ರೀತಾ ರೇಷ್ಮೆ ಸೀರೆಯಲ್ಲಿ ಮಿಂಚುತ್ತಿದ್ದಳು. ಎಂಟನೇ ಕ್ಲಾಸಿನಲ್ಲಿ ಕೊರಗರ ಹುಡುಗಿ ವಿನಯಾ ಒಬ್ಬಳೇ. ಅವಳಿಗೆ ಸೊಪ್ಪು.

"ನಾನ್ ಭಾಷಣ ಮಾಡ್ತೆ ಟೀಚರ್. ಪೂರಾ ಬಾಯಿಪಾಠ ಬತ್ತ್."

"ಭಾಷಣಕ್ಕೆ ಸುಪ್ರೀತಾ ಇದ್ಲ್. ನೀನ್ ಸುಮ್ನೆ ನಿಂತ್ಕಂಡ್ ಹಲ್ ಕಿಸಿ, ಸಾಕ್."

ಇದೇನೂ ಹೊಸತಲ್ಲ. ಪಾಠದ ಮಧ್ಯೆ ವಿನಯಾ ಕೈಯೆತ್ತಿದರೆ ಟೀಚರ ಕಣ್ಣು ಅವಳ ತಲೆಯ ಮೇಲಿಂದಲೇ ಹಾದು ಹೋಗುತ್ತಿತ್ತು. ಯಾರಾದರೂ ವಾಂತಿ ಮಾಡಿದರೆ ಮಾತ್ರ, ಬಳಿದು ಒರೆಸಲು, ಅವಳ ಹೆಸರು ಚೆನ್ನಾಗಿ ನೆನಪಾಗುತ್ತಿತ್ತು.

ಕಾರ್ಯಕ್ರಮಕ್ಕೆಂದು ಬಂದಿದ್ದ ಅಮ್ಮ ಕುಸುಮಾವತಿ ಮಗಳ ಸೊಂಟ ಕಂಡವಳೇ ಕಪ್ಪಿಟ್ಟಳು.

"ದೊಡ್ಡಜ್ಜಿ ಸೀರಿ ಉಟ್ಲ್ ಅಂದೇಳಿ ಬೋಳಿಮಕ್ಳ್ ಕಂಬಕ್ ಕಟ್ಟಿ ಹೊಡ್ದ್, ಸೊಪ್ಪ್ ಕಟ್ಟ್ಸಿದ್ರ್. ಅದನ್ನ ಈಗ ಸಂಸ್ಕೃತಿ ಅಂತ್ರ್! ಬಾ ಹೆಣೆ, ಮನಿಗ್ ಹೋಪ. ಈ ಶಾಲಿ ಸಾಕ್."

ವಿನಯಾಳ ಅಕ್ಕನೂ ಹೀಗೇ ಒಂದು ದಿನ ಮನೆಗೆ ಬಂದವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ವಿನಯಾ ಅಮ್ಮನ ಕೈ ಬಿಡಿಸಿಕೊಂಡಳು.

"ನಾನ್ ಬತ್ತಿಲ್ಲೆ."

"ಈಗ ಕೊರಗರ ಸಂಸ್ಕೃತಿ" ಎಂದು ಟೀಚರ್ ಮೈಕಿನಲ್ಲಿ ಹೇಳಿ ಬದಿಗೆ ಸರಿದದ್ದೇ ತಡ, ಸಭೆ ನಕ್ಕಿತು. ಯಾರೋ ಸಿಳ್ಳೆ ಹೊಡೆದರು. ವಿನಯಾ ವೇದಿಕೆ ಹತ್ತಿ ನೇರ ಮೈಕಿನ ಹತ್ತಿರ ಹೋದಳು. ಬಾಯಿಪಾಠ ಮಾಡಿದ್ದ ಭಾಷಣದ ಒಂದು ಶಬ್ದವೂ ನೆನಪಿಗೆ ಬರಲಿಲ್ಲ.

"ನಂದ್ ದೊಡ್ಡಜ್ಜಿ ವೇಷ. ಸೀರಿ ಉಟ್ಟದ್ದಕ್ಕೆ ಪೆಟ್ಟ್ ತಿಂದ್ಲ್. ಅವ್ಳಿಗೆ ಹೊಡ್ದವ್ರ ವೇಷ ಯಾರ್ ಹಾಕಿದ್ರಿ? ಮೇಲ್ ಬನ್ನಿ."

ನಗು ನಿಂತಿತು.

"ಮೈಕ್ ಆಫ್ ಮಾಡಾ!" ಹೆಡ್‌ಮಾಸ್ಟರ್ ಲೀಲಾಧರ ಮುಂದಿನ ಕುರ್ಚಿಯಿಂದ ಅರಚಿದರು.

ಮೈಕ್ ಸತ್ತಿತು. ಪ್ರಭಾವತಿ ಟೀಚರ್ ಓಡಿ ಬಂದು ಅವಳ ಕೆನ್ನೆಗೆ ಬಾರಿಸಿದರು, ತೋಳು ಹಿಡಿದು ಎಳೆದರು. ವಿನಯಾ ಜಾಗ ಬಿಡಲಿಲ್ಲ. ಹಿಂದಿನ ಸಾಲಿಗೂ ಕೇಳುವಂತೆ ಕೂಗಿದಳು:

"ಕಾಣಿ, ಆ ವೇಷವೂ ಬಂತ್!"