ಕೊನೇ ಡಬ್ಬಿ ದಾಟುವವರೆಗೆ

ನಮ್ಮಪ್ಪನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುವುದೆಂದರೆ ಜಗಳವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ ಹಾಗೆ. ಗೊತ್ತಿದ್ದೂ ಆ ಭಾನುವಾರ ನಾನೇ ಹೊರಡಿಸಿದೆ. ಘಾಟಿ ರಸ್ತೆಯ ಸಸ್ಯೋದ್ಯಾನದಲ್ಲಿ ಡಿಸೆಂಬರ್ ಬಂತೆಂದರೆ ಒಂದು ತಿಂಗಳು ಪುಟಾಣಿ ರೈಲುಗಳ ಪ್ರದರ್ಶನ ಇಡುತ್ತಾರೆ. ಗಿಡಗಳ ನಡುವೆ ಹಳಿ ಹಾಸಿ, ಮೊಣಕಾಲೆತ್ತರದ ಸ್ಟೇಷನ್‌ಗಳನ್ನು ಕಟ್ಟಿ, ದಿನವಿಡೀ ರೈಲು ಓಡಿಸುತ್ತಾರೆ. ನನ್ನ ಮಗಳು ಸಿಂಚನಾಗೆ ಆರು ವರ್ಷ. ಶಾಲೆಯಲ್ಲಿ ಯಾರೋ ನೋಡಿಬಂದು ಹೇಳಿದ್ದನ್ನು ಕೇಳಿ ಹದಿನೈದು ದಿನದಿಂದ ನನ್ನ ತಲೆ ತಿನ್ನುತ್ತಿದ್ದಳು. ಗಂಡನಿಗೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಭಾನುವಾರವೂ ಪಾಳಿ. ನಾನೂ ಅಲ್ಲೇ ಇನ್ನೊಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವಳು, ಆದರೆ ನನಗೆ ಅಂದು ರಜೆ ಇತ್ತು. ಸರಿ, ಅಪ್ಪನನ್ನು ಜೊತೆ ಮಾಡಿಕೊಂಡು ಬಸ್ಸು ಹತ್ತಿದೆ.

ಅಪ್ಪನ ಹೆಸರು ಆದಿನಾರಾಯಣಪ್ಪ. ದೊಡ್ಡಬಳ್ಳಾಪುರದಿಂದ ಮಾಕಳಿ ಕಡೆ ಹೋಗುವ ರೈಲು ದಾರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಗೇಟ್‌ಮ್ಯಾನ್ ಆಗಿದ್ದವನು. ಗೇಟಿನ ಪಕ್ಕದ ಒಂಟಿ ಕ್ವಾರ್ಟರ್ಸಿನಲ್ಲೇ ನಾನು ಹುಟ್ಟಿದ್ದು, ಬೆಳೆದದ್ದು. ಮೂರು ವರ್ಷದ ಹಿಂದೆ ಆ ಗೇಟು ತೆಗೆದು ಅಂಡರ್‌ಪಾಸ್ ಮಾಡಿದರು. ಅದೇ ತಿಂಗಳು ಅಪ್ಪ ರಿಟೈರ್ ಆಗಿ ನಮ್ಮ ಮನೆಗೆ ಬಂದ. ಬಂದವನು ಸುಮ್ಮನಿರಬೇಕಲ್ಲ. ಮೊಮ್ಮಗಳಿಗೆ ಹಸಿರು ಬಾವುಟ, ಕೆಂಪು ಬಾವುಟದ ಪಾಠ ಶುರು ಮಾಡಿದ. ತಾತ ಮೊಮ್ಮಗಳು ಹಾಲಿನಲ್ಲಿ ಎರಡು ಕುರ್ಚಿ ಅಡ್ಡ ಇಟ್ಟು ಗೇಟಾಟ ಆಡುತ್ತಿದ್ದರೆ ನನಗೆ ಅಡುಗೆಮನೆಗೆ ದಾರಿ ಇಲ್ಲ. ಕೂಗಿದರೂ ತಿರುಗುವುದಿಲ್ಲ. "ಗಾಡಿ ಬರೋವಾಗ ಯಾರ್ ಕೂಗಿದ್ರೂ ತಿರುಗ್ಬಾರ್ದಮ್ಮ. ಕೊನೇ ಡಬ್ಬಿ ದಾಟ್ಬೇಕು," ಎಂದು ಮಗಳು ನನಗೇ ಬುದ್ಧಿ ಹೇಳುತ್ತಾಳೆ.

ಆ ಮಾತು ಕೇಳಿದಾಗೆಲ್ಲ ನನ್ನ ಕೈ ತಾನಾಗಿ ಗದ್ದಕ್ಕೆ ಹೋಗುತ್ತದೆ. ಅಲ್ಲಿ ಮೂರು ಹೊಲಿಗೆಯ ಗುರುತಿದೆ. ಏಳು ವರ್ಷದವಳಿದ್ದಾಗ ಹಳಿ ಪಕ್ಕದ ಜಲ್ಲಿಯ ಮೇಲೆ ಮುಗ್ಗರಿಸಿ ಬಿದ್ದೆ. ಲಂಗವೆಲ್ಲ ರಕ್ತ. "ಅಪ್ಪಾ!" ಎಂದು ಕಿರುಚಿದೆ. ಹತ್ತು ಮಾರು ದೂರದಲ್ಲಿ ಅಪ್ಪ ನನಗೆ ಬೆನ್ನು ಹಾಕಿ ಹಸಿರು ಬಾವುಟ ಹಿಡಿದು ನಿಂತಿದ್ದ. ಬರುತ್ತಿದ್ದದ್ದು ಗೂಡ್ಸ್ ಗಾಡಿ, ಮುಗಿಯುವ ಹಾಗೇ ಇರಲಿಲ್ಲ. ಕೊನೇ ಡಬ್ಬಿ ದಾಟಿದ ಮೇಲೇ ಅವನು ಓಡಿ ಬಂದು ನನ್ನನ್ನು ಎತ್ತಿಕೊಂಡದ್ದು. ಇಪ್ಪತ್ತನಾಲ್ಕು ವರ್ಷವಾಯಿತು. ಆ ಬೆನ್ನನ್ನು ನಾನು ಮರೆತಿರಲಿಲ್ಲ, ಕ್ಷಮಿಸಿಯೂ ಇರಲಿಲ್ಲ.

ಸಸ್ಯೋದ್ಯಾನದಲ್ಲಿ ಜನವೋ ಜನ. ಅಪ್ಪ ಟಿಕೆಟ್ಟಿಗೆ ಸಾಲು ನಿಂತಿದ್ದಾಗ ನಾನು ಸಿಂಚನಾಳ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ಹಳದಿ ಫ್ರಾಕಿನ ಗುಂಡಿ ಹಾಕುತ್ತಾ ಹೇಳಿದೆ.

"ನೋಡು, ನನ್ ಕೈ ಬಿಡ್ಬೇಡ. ಅಕಸ್ಮಾತ್ ತಪ್ಪಿಸ್ಕೊಂಡ್ರೆ ಅಲ್ಲಿ ಇಲ್ಲಿ ಓಡಾಡ್ಬಾರ್ದು. ಸೀದಾ ಗೇಟ್ ಹತ್ರ ಹೋಗಿ ನಿಂತ್ಕೋ. ನಾನ್ ಬರೋವರ್ಗೂ ಅಲ್ಲಾಡ್ಬೇಡ. ಗೊತ್ತಾಯ್ತಾ?"

"ಗೊತ್ತಾಯ್ತು," ಎಂದಳು.

ಪ್ರದರ್ಶನ ನಿಜಕ್ಕೂ ಚೆನ್ನಾಗಿತ್ತು. ಹಗ್ಗ ಕಟ್ಟಿದ ಅಂಗಳದಲ್ಲಿ ಜರೀಗಿಡ, ಕಳ್ಳಿಗಿಡ, ಕುಬ್ಜ ಆಲದ ಮರಗಳ ನಡುವೆ ಮೂರು ರೈಲು ಒಂದರ ಹಿಂದೆ ಒಂದು ಸುತ್ತುತ್ತಿದ್ದವು. ರಾಜಾನುಕುಂಟೆ, ದೊಡ್ಡಬಳ್ಳಾಪುರ ಎಂದು ಬೋರ್ಡು ಬರೆದ ಸ್ಟೇಷನ್‌ಗಳು. ಹಿಂಬದಿಗೆ ಕಲ್ಲು ಪೇರಿಸಿ ಮಾಡಿದ ಆಳೆತ್ತರದ ಮಾಕಳಿ ಬೆಟ್ಟ. ಎಲ್ಲರೂ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದರೆ ಅಪ್ಪ ಮಾತ್ರ ತಪಾಸಣೆಗೆ ಬಂದ ಸಾಹೇಬನಂತೆ ಒಂದೊಂದೇ ತಪ್ಪು ಹಿಡಿಯತೊಡಗಿದ. ನಿಜವಾದ ಮಾಕಳಿಯಲ್ಲಿ ಸುರಂಗ ಎಲ್ಲಿದೆ? ಸಿಗ್ನಲ್ ಕೆಂಪು ಇದ್ದಾಗ ಗಾಡಿ ಹೇಗೆ ಹೊರಟಿತು? ಬೆಟ್ಟದ ಪಕ್ಕಕ್ಕೆ ಬಂದಾಗಲಂತೂ ರೈಲು ಓಡಿಸುತ್ತಿದ್ದ ದೇವೇಂದ್ರ ಎಂಬ ಯುವಕನ ಮೇಲೆ ದನಿ ಏರಿಸಿಯೇಬಿಟ್ಟ.

"ಏನಪ್ಪಾ, ಗೇಟ್ ತೆಗ್ದಿಟ್ಕೊಂಡು ಗಾಡಿ ಬಿಡ್ತಿದ್ದೀಯಲ್ಲ! ಅಲ್ಲಿ ಬಸ್ ನಿಂತೈತೆ, ಒಳಗೆ ಜನ ಅವ್ರೆ!"

"ಅದು ಆಟದ್ದು ಸಾರ್. ಗೇಟಿನ ಮೋಟ್ರು ಕೆಟ್ಟೋಗೈತೆ, ನಾಳೆ ಮಾಡಿಸ್ತೀವಿ."

"ನಾಳೆ ತನಕ ಜನ ಸಾಯ್ಲಾ?"

"ಬಿಡು ಗುರು, ತಾತ ಡ್ಯೂಟೀಲವ್ರೆ," ಎಂದು ಹಿಂದಿನಿಂದ ಯಾರೋ ಅಂದರು. ಸುತ್ತ ನಿಂತವರು ನಕ್ಕರು. ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು. ಅಪ್ಪನ ತೋಳು ಹಿಡಿದು ಎಳೆದುಕೊಂಡು ತಾವರೆಕೊಳದ ಕಡೆ ಬಂದೆ.

ಅಲ್ಲಿ ಚುರುಮುರಿ ಗಾಡಿಯ ಮುಂದೆ ನಮ್ಮಿಬ್ಬರ ಜಗಳ ಮುಂದುವರಿಯಿತು. "ನಿನ್ ಗೇಟ್ ಮುಚ್ಚಿ ಮೂರ್ ವರ್ಷ ಆಯ್ತು. ಇನ್ನಾದ್ರೂ ಬಿಟ್ಬಿಡಪ್ಪ!" ಎಂದೆ. "ಬಿಡಕ್ಕೇನೈತೆ, ಕಣ್ಣಿಗ್ ಕಂಡಿದ್ದು ಹೇಳ್ದೆ," ಎಂದ ಅವನು. ಎರಡು ಕೈಯಲ್ಲಿ ಎರಡು ಪೊಟ್ಟಣ ಹಿಡಿದು ತಿರುಗಿದೆ. ಸಿಂಚನಾ ಇರಲಿಲ್ಲ.

ಮೊದಲು ಸಿಟ್ಟು ಬಂತು. ಗಾಡಿಯ ಆಚೆ ನೋಡಿದೆ, ಬೆಂಚುಗಳ ಹಿಂದೆ ನೋಡಿದೆ. ಮೂರನೇ ಸಲ ಹೆಸರು ಕೂಗುವಾಗ ನನ್ನ ದನಿ ನನ್ನದೇ ಎನ್ನಿಸಲಿಲ್ಲ. ಪೊಟ್ಟಣ ಎಲ್ಲಿ ಬಿಸಾಡಿದೆನೋ ಗೊತ್ತಿಲ್ಲ. ನಾಲ್ಕು ಗಂಟೆ ದಾಟಿತ್ತು. ಐದೂವರೆಗೆ ಉದ್ಯಾನ ಮುಚ್ಚುತ್ತಾರೆ.

ಹೇಳಿದ್ದೆನಲ್ಲ, ಗೇಟ್ ಹತ್ತಿರ ನಿಂತಿರುತ್ತಾಳೆ ಎಂದು ಮುಖ್ಯ ದ್ವಾರಕ್ಕೆ ಓಡಿದೆ. ಸೆಕ್ಯೂರಿಟಿ ಮುನಿಕೃಷ್ಣ ಅಲ್ಲಿದ್ದ. ಮಗು ಇರಲಿಲ್ಲ.

"ಹಳದಿ ಫ್ರಾಕಾ?" ಎಂದ. "ಈಗ್ತಾನೇ ಒಂದ್ ಮಗು ಯಾರೋ ಅಜ್ಜಿ ಕೈ ಹಿಡ್ಕೊಂಡು ಆಚೆ ಹೋಯ್ತಲ್ಲಕ್ಕ."

ದ್ವಾರದಿಂದ ಆಚೆ ಓಡಿದೆ. ರಸ್ತೆಯಲ್ಲಿ ಘಾಟಿ ದೇವಸ್ಥಾನಕ್ಕೆ ಹೋಗಿ ಬರುವ ಕಾರು, ಟೆಂಪೋ, ಲಾರಿ. ಬಸ್ ಸ್ಟಾಪಿನಲ್ಲಿ ಅಜ್ಜಿಯ ಪಕ್ಕ ನಿಂತಿದ್ದ ಹಳದಿ ಫ್ರಾಕಿನ ಮಗುವಿನ ಭುಜ ಹಿಡಿದು ತಿರುಗಿಸಿದೆ. ಬೇರೆ ಯಾರದೋ ಮಗು. ಅದು ಹೆದರಿ ಅಳತೊಡಗಿತು, ಅಜ್ಜಿ ನನ್ನನ್ನು ಬಾಯಿಗೆ ಬಂದಂತೆ ಬೈದಳು. ಬೈಯಲಿ ಎಂದು ವಾಪಸ್ ಓಡಿ, ಪಾರ್ಕಿಂಗ್ ಕಡೆಯ ಹಿಂದಿನ ಗೇಟಿಗೆ ಹೋದೆ. ಅಲ್ಲೂ ಇರಲಿಲ್ಲ.

ಟಿಕೆಟ್ ಕೌಂಟರಿನ ಪದ್ಮಶ್ರೀ ಎಂಬ ಹುಡುಗಿ ಮೈಕಿನಲ್ಲಿ ಹೇಳಿದಳು: "ಸಿಂಚನಾ ಎಂಬ ಆರು ವರ್ಷದ ಮಗು ಎಲ್ಲಿದ್ದರೂ ಟಿಕೆಟ್ ಕೌಂಟರ್ ಬಳಿ ಬರಬೇಕು. ತಾಯಿ ಕಾಯುತ್ತಿದ್ದಾರೆ." ಒಂದು ಸಲ, ಎರಡು ಸಲ, ಐದು ಸಲ. ಗಾಜಿನ ಮನೆ, ಗುಲಾಬಿ ತೋಟ, ಶೌಚಾಲಯ ಎಲ್ಲ ಹುಡುಕಿದೆ. ರೈಲಿನ ಅಂಗಳದ ಸುತ್ತ ಎರಡು ಸಲ ಹೆಸರು ಕೂಗುತ್ತಾ ಹೋದೆ. ಅಷ್ಟೊಂದು ಮಕ್ಕಳು ತಿರುಗಿ ನೋಡಿದವು. ನನ್ನದು ಮಾತ್ರ ಇರಲಿಲ್ಲ. ಗಂಡನಿಗೆ ಫೋನ್ ಮಾಡಬೇಕು ಎಂದು ಮೊಬೈಲ್ ತೆಗೆದೆ. ಏನೆಂದು ಹೇಳಲಿ? ಮತ್ತೆ ಒಳಗಿಟ್ಟೆ.

ತಾವರೆಕೊಳದ ಬಳಿ ಜನ ಸೇರಿದ್ದರು. ಮುನಿಕೃಷ್ಣ ಉದ್ದನೆಯ ಬಿದಿರು ಗಳು ತಂದು ನೀರಿಗೆ ಇಳಿಬಿಡುತ್ತಿದ್ದ.

"ಸುಮ್ನೆ ನೋಡೋಣ ಅಂತ ಅಕ್ಕ. ಆಳ ಏನಿಲ್ಲ. ನೀವ್ ಈ ಕಡೆ ಬರ್ಬೇಡಿ."

ಆ ಗಳು ತಾವರೆ ಎಲೆಗಳನ್ನು ಸರಿಸುತ್ತಾ ಹೋಯಿತು. ಒಂದು ಕಡೆ ಏನೋ ತಗುಲಿ ನಿಂತಿತು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಮೇಲೆ ಬಂದದ್ದು ಒಡೆದ ಹೂಕುಂಡ. ಆಗಲೇ ಅಪ್ಪ ನನ್ನ ಹಿಂದೆ ಬಂದು ನಿಂತ. ಅರ್ಧ ಗಂಟೆಯಿಂದ ಅವನೂ ನೋಯುವ ಮಂಡಿಯಲ್ಲಿ ಕುಂಟುತ್ತಾ ಉದ್ಯಾನವೆಲ್ಲ ತಿರುಗಿದ್ದ.

"ಅಕ್ಷತಾ, ಮಗೀಗೆ ಏನ್ ಹೇಳಿದ್ದೆ?"

ತಡೆದುಕೊಂಡಿದ್ದೆಲ್ಲ ಒಡೆಯಿತು. "ಏನ್ ಹೇಳಿದ್ರೆ ಏನಪ್ಪ ಈಗ? ನಿನ್ನಿಂದಾನೇ ಆಗಿದ್ದು! ನಿನ್ ಜೊತೆ ಬಾಯಿ ಮಾಡ್ತಾ ಮಗು ಕೈ ಬಿಟ್ಟೆ. ಒಂದ್ ಮಗು ನೋಡ್ಕೊಳ್ಳೋದು ಯಾವತ್ತು ಬಂದೈತೆ ನಿಂಗೆ? ಆವತ್ತು ನಾನು ರಕ್ತ ಸುರಿಸ್ಕೊಂಡು ಕೂಗಿದ್ರೂ ನೀನ್ ತಿರುಗ್ಲಿಲ್ಲ. ನಿಂಗೆ ಗೇಟೇ ಹೆಚ್ಚು!"

ಇಷ್ಟು ವರ್ಷ ಈ ಮಾತನ್ನು ನಾನು ಅವನ ಮುಖಕ್ಕೆ ಅಂದಿರಲಿಲ್ಲ. ಅಪ್ಪ ಜಗಳಕ್ಕೆ ಬರಲಿಲ್ಲ.

"ಹೂಂ, ತಿರುಗ್ಲಿಲ್ಲ," ಎಂದ. "ಮಗೀಗೆ ಏನ್ ಹೇಳಿದ್ದೆ, ಅದನ್ನ ಹೇಳು ಮೊದ್ಲು."

"ತಪ್ಪಿಸ್ಕೊಂಡ್ರೆ ಗೇಟ್ ಹತ್ರ ನಿಂತ್ಕೋ ಅಂದಿದ್ದೆ. ಸಾಕಾ? ಎರಡ್ ಗೇಟೂ ನೋಡಾಯ್ತು!"

"ಯಾವ್ ಗೇಟು ಅಂದೆ?"

"ಗೇಟು ಅಂದ್ರೆ ಗೇಟು! ಇನ್ಯಾವ್..."

ಆಗ ಹೊಳೆಯಿತು. ದಿನಾ ಬೆಳಿಗ್ಗೆ ಕಾರ್ಡು ತೋರಿಸಿ ಒಳಗೆ ಹೋಗುವ ಫ್ಯಾಕ್ಟರಿ ಬಾಗಿಲು ನನ್ನ ಗೇಟು. ನಮ್ಮ ಮನೆಯಲ್ಲಿ ತಾತನ ಬಾಯಿಂದ ಆ ಪದ ಕಲಿತ ಮಗುವಿಗೆ ಗೇಟು ಎಂದರೆ ಒಂದೇ. ರೈಲು ಗೇಟಿನ ಪಕ್ಕ ಹುಟ್ಟಿದ ನಾನೇ ಅದನ್ನು ಮರೆತಿದ್ದೆ. ಅಷ್ಟರಲ್ಲಿ ಅಪ್ಪ ರೈಲಿನ ಅಂಗಳದ ಕಡೆ ನಡೆದಾಗಿತ್ತು. ನಾನು ಹಿಂದೆ ಓಡಿದೆ.

"ಸಾರ್, ಹಗ್ಗ ದಾಟಂಗಿಲ್ಲ," ಎಂದು ದೇವೇಂದ್ರ ಅಡ್ಡ ಬಂದ. ಅಪ್ಪ ಅವನನ್ನು ಪಕ್ಕಕ್ಕೆ ಸರಿಸಿ ಮಾಕಳಿ ಬೆಟ್ಟದ ಹಿಂದಕ್ಕೆ ಹೋಗಿ, ದೊಡ್ಡ ಜರೀಗಿಡದ ಎಲೆಗಳನ್ನು ಎತ್ತಿದ.

ಸಿಂಚನಾ ಒದ್ದೆ ಮಣ್ಣಿನ ಮೇಲೆ ನಮಗೆ ಬೆನ್ನು ಮಾಡಿ ಬೋರಲು ಮಲಗಿದ್ದಳು. ಪೆನ್ಸಿಲಿನಷ್ಟು ಉದ್ದದ ಗೇಟಿನ ಅಡ್ಡಕೋಲನ್ನು ಬೆರಳಿನಿಂದ ಕೆಳಗೆ ಒತ್ತಿ ಹಿಡಿದಿದ್ದಳು. ಕೋಲಿನ ಆಚೆ ಆ ಆಟದ ಬಸ್ಸು. ಸುರಂಗದೊಳಗಿಂದ ರೈಲಿನ ಸದ್ದು ಬರುತ್ತಿತ್ತು.

"ಸಿಂಚೂ!"

ಅವಳು ತಿರುಗಲಿಲ್ಲ. ನಾನು ಮುನ್ನುಗ್ಗಿದೆ. ಅಪ್ಪ ನನ್ನ ಮುಂಗೈ ಹಿಡಿದ.

"ಗಾಡಿ ಹೋಗ್ಲಿ."

ಅವನ ಕೈ ಕಚ್ಚಿಬಿಡೋಣ ಎನ್ನಿಸಿತು ನನಗೆ. ನೀಲಿ ರೈಲು ಹೊರಬಂತು. ಒಂದು ಡಬ್ಬಿ, ಎರಡು ಡಬ್ಬಿ. ಅವಳೂ ಪಿಸುದನಿಯಲ್ಲಿ ಎಣಿಸುತ್ತಿದ್ದಳು. ಏಳನೆಯದು ದಾಟಿತು. ಅವಳು ಬೆರಳು ತೆಗೆದಳು, ಕೋಲು ಪಟಕ್ಕನೆ ಮೇಲೆದ್ದಿತು. ಆಮೇಲೆ ತಿರುಗಿದಳು.

ಮುಖವೆಲ್ಲ ಕಣ್ಣೀರು. ಈಗ ಬಂದ ಕಣ್ಣೀರಲ್ಲ. ಮಣ್ಣಿನ ಜೊತೆ ಕಲೆಸಿ, ಒಣಗಿ, ಅದರ ಮೇಲೆ ಮತ್ತೆ ಹರಿದದ್ದು.

"ಅಮ್ಮಾ, ಮೈಕಲ್ಲಿ ಕರೆದ್ರು. ನೀನೂ ಎರಡ್ ಸಲ ಕೂಗ್ದೆ," ಎಂದಳು ಬಿಕ್ಕುತ್ತಾ. "ಹೆಂಗ್ ಬರ್ಲಿ? ಒಂದ್ ಹೋದ್ರೆ ಇನ್ನೊಂದ್ ಬರ್ತೈತೆ."

"ಕೇಳಿಸ್ತಿತ್ತಾ ನಿಂಗೆ?"

"ಕೇಳಿಸ್ತಿತ್ತು. ಬಸ್ಸಲ್ಲಿ ಜನ ಅವ್ರಲ್ಲಮ್ಮ."

ಕೇಳಿಸುತ್ತಿತ್ತಂತೆ. ಅಂದರೆ ಆವತ್ತು ಅಪ್ಪನಿಗೂ ಕೇಳಿಸಿತ್ತು. ಒಂದೊಂದು ಕೂಗೂ ಕೇಳಿಸಿತ್ತು. ನಾನು ನೋಡಿದ್ದು ಅವನ ಬೆನ್ನನ್ನು ಮಾತ್ರ. ಆ ಗೂಡ್ಸ್ ಗಾಡಿ ದಾಟುವವರೆಗೆ ಅವನ ಮುಖ ಹೇಗಿತ್ತೋ, ನಾನು ನೋಡಿಯೇ ಇರಲಿಲ್ಲ.

ಮತ್ತೆ ಸುರಂಗದಲ್ಲಿ ಸದ್ದಾಯಿತು. ಸಿಂಚನಾ ಗಾಬರಿಯಿಂದ ಗೇಟಿನ ಕಡೆ ಹೊರಳಿದಳು. ಅಷ್ಟರಲ್ಲಿ ಅಪ್ಪ ಮಂಡಿ ಹಿಡಿದುಕೊಂಡು ಮಣ್ಣಿಗೆ ಇಳಿದಿದ್ದ.

"ನಾನ್ ಬಂದೆ ಕಣವ್ವ. ಡ್ಯೂಟಿ ಕೊಡು."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. "ಕೊಟ್ಟೆ."

"ತಗೊಂಡೆ. ನೀನ್ ಅಮ್ಮನ್ ಹತ್ರ ಹೋಗು."

ಆಮೇಲಷ್ಟೇ ಅವಳು ಓಡಿ ಬಂದು ನನ್ನ ಕೊರಳಿಗೆ ಬಿದ್ದಳು. ಮಣ್ಣು, ಬೆವರು, ಜರೀಗಿಡದ ವಾಸನೆ. ಅವಳನ್ನು ಎದೆಗೆ ಒತ್ತಿಕೊಂಡು ನಾನು ಜೋರಾಗಿ ಅತ್ತೆ. ದೇವೇಂದ್ರ ಸ್ವಿಚ್ಚಿನ ಕಡೆ ಓಡುತ್ತಿದ್ದ. ಅಪ್ಪ ಬೋರಲು ಮಲಗಿ, ಬೆರಳಿನಲ್ಲಿ ಆ ಕೋಲು ಒತ್ತಿ ಹಿಡಿದಿದ್ದ. ಬಿಳೀ ಅಂಗಿಯೆಲ್ಲ ಕೆಸರು.

"ಅಪ್ಪಾ, ಸಾಕು ಬಾ," ಎಂದೆ.

ಅವನು ತಿರುಗಲಿಲ್ಲ. ಗೂಡ್ಸ್ ಗಾಡಿ ಬರುತ್ತಿತ್ತು. ನಾನು ಮಗಳನ್ನು ಎತ್ತಿಕೊಂಡು ಅವನ ಎದುರು ಬದಿಗೆ, ಅವನ ಮುಖ ಕಾಣುವ ಕಡೆಗೆ ಹೋಗಿ ನಿಂತೆ. ಕೊನೇ ಡಬ್ಬಿ ದಾಟುವವರೆಗೆ ಮತ್ತೆ ಕೂಗಲಿಲ್ಲ.